ಮೂವತ್ತಾರನೆಯ ಮುಖಕ್ಕೆ ಕುಂಕುಮ ಹಚ್ಚಿದವರು ಯಾರು

ಈ ಜಗತ್ತು ಬೀಳದಂತೆ ಹಿಡಿದು ನಿಲ್ಲಿಸಿರುವ ಮೂವತ್ತಾರು ಮಂದಿಯ ಮನೆಗಳಲ್ಲೂ ನಾನು ಚಹಾ ಕುಡಿದಿದ್ದೇನೆ. ಅದೂ ಒಂದೇ ದಿನದಲ್ಲಿ. ಬೆಳಗಿನ ಬಸ್ಸಿಗೆ ಇಂಡಿಯಲ್ಲಿ ಹತ್ತಿದವನು ಸಿಂದಗಿ, ಬಸವನ ಬಾಗೇವಾಡಿ ಮುಗಿಸಿ ಸಂಜೆ ಮುದ್ದೇಬಿಹಾಳದಲ್ಲಿ ಇಳಿಯುವಷ್ಟರಲ್ಲಿ ಮೂವತ್ತಾರು ಕಪ್ಪು ಹೊಟ್ಟೆಯೊಳಗಿದ್ದವು. ಮೂವತ್ತೇಳನೆಯದನ್ನು ಹೋಟೆಲಿನವನು ತಂದಿಟ್ಟಾಗ, ಇದು ಸಾಮಾನ್ಯ ಮನುಷ್ಯನ ಚಹಾ ಎಂದು ವಾಸನೆಯಿಂದಲೇ ಗುರುತಿಸಿ ಹಿಂದಕ್ಕೆ ಕಳಿಸಿದೆ. ನಂಬದವರು ಆ ದಿನದ ಡ್ರೈವರನನ್ನು ಕೇಳಬಹುದು. ನನಗಾಗಿ ಮೂವತ್ತಾರು ಕಡೆ ಬಸ್ಸು ನಿಲ್ಲಿಸಿಯೂ ಆತ ಹದಿನೈದು ನಿಮಿಷ ಮೊದಲೇ ಮುಟ್ಟಿಸಿದ.

ಈ ಮೂವತ್ತಾರು ಮಂದಿಯನ್ನು ಹುಡುಕಿ ತೆಗೆದವರು ಸಿಂದಗಿಯ ಪೇಂಟರ್ ಭೀಮಶ್ಯಾ. ವಯಸ್ಸು ಅರವತ್ತೊಂದು. ಅಂಗಡಿಗಳ ಬೋರ್ಡು, ಲಾರಿಗಳ ನಂಬರು ಬರೆಯುವುದು ಹೊಟ್ಟೆಪಾಡು. ಇಪ್ಪತ್ತೆರಡು ವರ್ಷಗಳಿಂದ ಹೊರಗೆ ಯಾರಿಗೂ ಹೇಳದೆ ಮುಖಗಳನ್ನು ಬರೆಯುತ್ತ ಬಂದಿದ್ದಾರೆ. ಊರಿಗೆ ಅವರ ಕೈಬರಹ ಗೊತ್ತು, ಹೆಸರು ಗೊತ್ತಿಲ್ಲ. ಜಿಲ್ಲೆಯ ಅರ್ಧ ಅಂಗಡಿಗಳು ಅವರ ಅಕ್ಷರದ ಕೆಳಗೆ ಕೂತು ವ್ಯಾಪಾರ ಮಾಡುತ್ತವೆ.

ಬೆಳಗಿನ ಐದೂವರೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮನೆಯ ಮುಂದಿನ ಕಟ್ಟೆಯ ಮೇಲೆ ಭೀಮಶ್ಯಾ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾರೆ. ಎಡಗಣ್ಣಿಗೆ ಹಳೆಯ ಧೋತರದ ಚೂರು ಕಟ್ಟಿಕೊಂಡಿದ್ದಾರೆ. ಅದಕ್ಕೆ ಪೊರೆ ಬಂದು ಮೂರು ವರ್ಷವಾಯಿತು. ಬಲಗಣ್ಣಿಗೂ ಈಗ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಬಿಸಿಲು ಬಲಿತರೆ ಕೆಂಪಿಗೂ ಕಂದಿಗೂ ಭೇದ ತಿಳಿಯುವುದಿಲ್ಲ. ಬೆಳಗಿನ ಒಂದು ತಾಸು ಮಾತ್ರ ಆ ಕಣ್ಣು ಯಜಮಾನನ ಮಾತು ಕೇಳುತ್ತದೆ. ತೊಡೆಯ ಮೇಲೆ ಒಂದು ತಗಡು. ಒಂದು ಬದಿಗೆ ‘ಇಲ್ಲಿ ಸೈಕಲ್ ರಿಪೇರಿ ಮಾಡಲಾಗುವುದು’ ಎಂದಿದೆ, ಇನ್ನೊಂದು ಬದಿಗೆ ಒಬ್ಬ ಮುದುಕಿಯ ಮುಖ. ಕೈಯಲ್ಲಿ ಕುಂಚವಿಲ್ಲ. ಬಣ್ಣ ಕೆರೆದು ತೆಗೆಯುವ ಕಬ್ಬಿಣದ ಪಟ್ಟಿ ಇದೆ.

ಆ ಮುಖವೇ ಮೂವತ್ತಾರನೆಯದು, ಕೊನೆಯದು. ಮುಖದ ಒಡತಿ ಅಪ್ಪಣೆ ಮಾಡಿದ್ದಾಳೆ: ಬರುವ ಸಂತೆಯೊಳಗೆ ಅದನ್ನು ಕೆರೆದು ಹಾಕಬೇಕು. ಸಂತೆ ನಾಳೆ. ಕೆರೆದರೆ ಇನ್ನೊಂದು ಬರೆಯಲು ಕಣ್ಣಿಲ್ಲ.

“ನಾಕ ದಿನದಿಂದ ಹಿಂಗ ಕುಂತೇನಿ ನೋಡ್ರಿ,” ಎನ್ನುತ್ತಾರೆ. “ಹಣೀಗೆ ಪಟ್ಟಿ ಹಚ್ತೇನಿ, ತಗೀತೇನಿ. ಕೆರಿಯಾಕ ಬರವಲ್ದು. ಬಿಡಾಕೂ ಬರವಲ್ದು.”

ಒಳಗಿನಿಂದ ಹೆಂಡತಿ ಬಾಳಮ್ಮನ ಧ್ವನಿ: “ಮನಿ ಬಾಗಲಿಗೆ ಬಣ್ಣ ಹಚ್ಚಿ ಹನ್ನೊಂದ ವರ್ಷ ಆತು. ಊರ ಮಂದಿ ಮಾರಿಗೆಲ್ಲ ಬಣ್ಣ. ಮೂವತ್ತೈದ ತಗಡಿನ ಪತ್ರಾ ಜ್ವಾಳದ ಚೀಲದ ಹಿಂದ ನಿಂತಾವ್ರಿ. ಜ್ವಾಳ ತೆಗಿಯಾಕ ಹೋದ್ರ ಎಲ್ಲಾರೂ ಕೂಡಿ ನನ್ನ ನೋಡ್ತಾರ. ಒಂದ ಹಿಡಿ ಹೆಚ್ಚಿಗಿ ತಗೋಬೇಕಂದ್ರೂ ನಾಚಿಕಿ ಬರ್ತೈತಿ.”

ಭೀಮಶ್ಯಾ ದಿನಕ್ಕೆ ಅರವತ್ತು ಅಕ್ಷರ, ನಾಲ್ಕು ಲಾರಿ ನಂಬರು ಬರೆಯುತ್ತಾರೆ. ಸುಗ್ಗಿಯ ಕಾಲಕ್ಕೆ ಬಂಡಿಗಳ ಮೇಲೆ ಮಾಲಕರ ಹೆಸರುಗಳೂ ಸೇರುತ್ತವೆ. ನಲವತ್ತು ವರ್ಷಗಳ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿದರೆ ಅವು ಸೊಲ್ಲಾಪುರ ಮುಟ್ಟಿ, ಅಲ್ಲೊಂದು ಚಾದರ ಕೊಂಡು ವಾಪಸು ಬರುತ್ತವೆ. ಲೆಕ್ಕ ನನ್ನದೇ, ಆದ್ದರಿಂದ ತಪ್ಪಿರಲಾರದು.

ಮುಖಗಳ ಹುಚ್ಚು ಹತ್ತಿದ್ದು ಐವತ್ತಾರನೇ ಇಸವಿಯಲ್ಲಿ. ಇಂಡಿ ರೋಡ್ ಸ್ಟೇಷನ್ನಿನ ಹೆಸರು ಬರೆಯಲು ಏಣಿ ಹತ್ತಿದ್ದರು. ಎದುರಿನ ಗಾಡಿ ಬರುವ ತನಕ ಗೂಡ್ಸು ಗಾಡಿಯೊಂದು ಅಲ್ಲಿ ನಿಂತಿತ್ತು. ಅದರ ಗಾರ್ಡು ಪೆಣಕರ ಸಾಹೇಬರು ಕೊಂಕಣ ಸೀಮೆಯ ಯಹೂದಿ, ಮನೆಮಾತು ಮರಾಠಿ, ಅವರ ಮಂದಿ ಕೆಲಸ ಮುಟ್ಟಬಾರದ ಶನಿವಾರ ಡ್ಯೂಟಿ ಬಿದ್ದರೆ ಮೂಗಿನ ತುದಿಯಲ್ಲಿ ಸಿಟ್ಟು. ಅದು ಶನಿವಾರವಾಗಿತ್ತು. ಸಾಹೇಬರಿಗೆ ಹೊತ್ತು ಕಳೆಯಬೇಕಿತ್ತು, ಏಣಿಯ ಮೇಲಿದ್ದವರು ಎಲ್ಲಿಗೂ ಓಡಿ ಹೋಗುವಂತಿರಲಿಲ್ಲ.

“ಅವರ ಮಂದ್ಯಾಗ ಒಂದ ಮಾತ ನಡಕೊಂಡ ಬಂದೈತಂತ್ರಿ,” ಎಂದು ಭೀಮಶ್ಯಾ ನೆನೆಯುತ್ತಾರೆ. “ಯಾವ ಕಾಲ ತಗೋರಿ, ಜಗತ್ತಿನ್ಯಾಗ ಮೂವತ್ತಾರ ಮಂದಿ ಒಳ್ಳೆಯವರು ಇರ್ತಾರ. ಅವರ ಸಲುವಾಗಿ ದೇವರು ಈ ಜಗತ್ತ ಇಟ್ಟಾನ. ಇಲ್ಲಾಂದ್ರ ಎಂದೋ ಚಾಪಿ ಸುತ್ತಿದಂಗ ಸುತ್ತಿ ಮೂಲ್ಯಾಗ ನಿಲ್ಲಸ್ತಿದ್ದ. ಅವರು ಯಾರಂತ ಮಂದಿಗೆ ಗೊತ್ತಿಲ್ಲ. ಖುದ್ದ ಅವರಿಗೂ ಗೊತ್ತಿಲ್ಲ. ಗೊತ್ತಾತಂದ್ರ ಮುಗೀತು, ಆ ಮೂವತ್ತಾರೊಳಗ ಅವರು ಇರಂಗಿಲ್ಲ.”

ಏಣಿಯಿಂದ ಇಳಿದವರು ಅಂದಿನಿಂದ ಹುಡುಕತೊಡಗಿದರು. ಇಡೀ ಜಗತ್ತಿಗೆ ಮೂವತ್ತಾರು ಎಂದರೆ ನಮ್ಮ ನಾಲ್ಕು ತಾಲ್ಲೂಕುಗಳ ಪಾಲಿಗೆ ಒಬ್ಬ ಮನುಷ್ಯನ ಹೆಬ್ಬೆರಳಿನ ಉಗುರೂ ಬರುವುದಿಲ್ಲ. ಹಾಗಿದ್ದಾಗ ಮೂವತ್ತಾರೂ ಮಂದಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳಲ್ಲೇ ಸಿಕ್ಕಿದ್ದು ಹೇಗೆ ಎಂದು ಕೇಳಿದೆ.

“ದೂರ ಇದ್ದವರ್ನ ಹುಡುಕಾಕ ನನಗ ಪುರಸೊತ್ತ ಎಲ್ಲೈತ್ರಿ? ಇಲ್ಲೇ ಹುಡುಕಿದೆ. ಸಿಕ್ಕರು.”

ಸಿಕ್ಕವರಲ್ಲಿ ಗೊಳಸಂಗಿಯ ಗುರುಲಿಂಗಪ್ಪ ಇದ್ದಾನೆ. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತ ಯಾರದೇ ಬಂಡಿಗೆ ತನ್ನ ಎತ್ತು ಕಟ್ಟಿ ಎಳೆದು ಕೊಟ್ಟು, ಬಂಡಿಯವನ ಹೆಸರೂ ಕೇಳದೆ ಹೋಗುವವನು. ಮುದ್ದೇಬಿಹಾಳದ ಹೊನ್ನವ್ವ ಇದ್ದಾಳೆ. ಹದಿನಾಲ್ಕು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಹಬ್ಬಹಬ್ಬಕ್ಕೆ ತಾನೇ ಹೋಳಿಗೆ ಒಯ್ದು, ಒಬ್ಬನಿಗೆ ‘ನಿಮ್ಮಣ್ಣ ಕಳಿಸ್ಯಾನ’ ಎಂದೂ ಇನ್ನೊಬ್ಬನಿಗೆ ‘ನಿನ್ನ ತಮ್ಮ ಕಳಿಸ್ಯಾನ’ ಎಂದೂ ಹೇಳಿ ಬರುವವಳು. ಇವರನ್ನು ಕೂರಿಸಿ ಬರೆಯುವುದೇ ಭೀಮಶ್ಯಾರ ಗೋಳು. ಒಂದು ಮುಖಕ್ಕೆ ಒಂಬತ್ತು ಬೆಳಗು ಸಾಕು. ಹೊನ್ನವ್ವನ ಮುಖಕ್ಕೆ ಎರಡು ವರ್ಷ ಹಿಡಿಯಿತು.

“ಕೆಟ್ಟ ಮಂದಿ ಚಂದ ಕುಂದ್ರತಾರ್ರಿ,” ಎಂದು ಅವರು ಪಟ್ಟಿಯನ್ನು ಕಟ್ಟೆಗೆ ಕುಕ್ಕುತ್ತಾರೆ. “ಮೀಸಿಗೆ ಎಣ್ಣಿ ಹಚ್ಚಿ, ಕೈಗಡಿಯಾರ ಕಾಣೂವಂಗ ಕುಂತ್ರಂದ್ರ ಅಳ್ಳಾಡಂಗಿಲ್ಲ. ಈ ಒಳ್ಳೆಯವರದು ಬಾಳ ತ್ರಾಸ. ಕುಂದರ್ರಿ ಅಂದ್ರ ಎದ್ದ ಹೋಗ್ತಾರ. ‘ನನ್ನ ಮಾರಿ ಏನ ನೋಡ್ತಿ, ನಿನಗ ಕೆಲಸ ಇಲ್ಲೇನ’ ಅಂತಾರ. ಯಾಕ ಬರಿತೇನಿ ಅಂತ ಹೇಳಾಕ ಬರಂಗಿಲ್ಲ. ಹೇಳಿದ್ರ ಕೆಟ್ಟ ಹೋಗ್ತಾರ. ಸುಳ್ಳ ಹೇಳಿ ಹೇಳಿ ನನ್ನ ನಾಲಿಗಿ ಸವದೈತಿ.”

ಸುದ್ದಿ ಹೇಗೋ ತಿಳಿದು, ಊರಿನ ದೊಡ್ಡ ಮನುಷ್ಯರೊಬ್ಬರು ರೇಷ್ಮೆ ರುಮಾಲು ಸುತ್ತಿಕೊಂಡು ಬಂದು ಮೂರು ತಾಸು ಕೂತರಂತೆ. “ರುಮಾಲ ಪೂರಾ ಬರದೆ. ಕೆಳಗ ಮಾರಿ ಬರಿಯೂದರಾಗ ಬಣ್ಣ ತೀರಿತು ಅಂದೆ.” ಇದನ್ನು ಕೇಳಿದ ಮೇಲೂ ನಾನು ಸುಮ್ಮನಿರದೆ, ಒಂದು ಬೆಳಿಗ್ಗೆ ಬೆಳಕಿಗೆ ಮುಖ ಒಡ್ಡಿ ಅವರೆದುರು ಕೂತೆ. ನನ್ನನ್ನು ಒಂದು ಗಳಿಗೆ ನೋಡಿ, “ಕತ್ತಲಾತ್ರಿ,” ಎಂದು ಕುಂಚ ತೊಳೆದಿಟ್ಟರು. ಆಗ ಏಳು ಗಂಟೆಯಾಗಿತ್ತು.

ಬಾಳಮ್ಮನನ್ನು ಯಾಕೆ ಬರೆಯಲಿಲ್ಲ ಎಂದೂ ಕೇಳಿದೆ. “ಆಕಿಗೆ ಇದೆಲ್ಲಾ ಗೊತ್ತೈತಲ್ರಿ. ಗೊತ್ತಿದ್ದವರು ಲೆಕ್ಕಕ್ಕ ಬರಂಗಿಲ್ಲ.” ಒಳಗಿನಿಂದ ಉತ್ತರ ಬಂತು: “ಅದಕ್ಕಂತನ ಮೊದಲನೇ ದಿನಾನ ನನ್ನ ಮುಂದ ಹೇಳ್ಯಾರ.”

ಇನ್ನು ಮೂವತ್ತಾರನೆಯ ಮುಖದ ಕಥೆ. ಅದು ದೇವರ ಹಿಪ್ಪರಗಿಯ ರೇವವ್ವನದು. ಕುರಿ ಸಾಕುವ ಮನೆತನ. ಸಂತೆಯ ದಿನ ಬೇವಿನ ಗಿಡದ ಕೆಳಗೆ ಸೊಂಟದಿಂದ ಒಂದು ಚಿಮಟ, ಒಂದು ಸೂಜಿ ತೆಗೆದು ಇಟ್ಟುಕೊಂಡು ಕೂರುತ್ತಾಳೆ. ಮುಳ್ಳು ಚುಚ್ಚಿಸಿಕೊಂಡು ಬಂದವರ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಮುಳ್ಳು ತೆಗೆದು, ಎಕ್ಕೆಯ ಹಾಲು ಹಚ್ಚಿ ಕಳಿಸುತ್ತಾಳೆ. ಒಂದು ಸಂತೆಗೆ ಮೂವತ್ತು ನಲವತ್ತು ಕಾಲು. ಕೊಟ್ಟರೆ ಏನೂ ತೆಗೆದುಕೊಳ್ಳುವುದಿಲ್ಲ; ಬೈಗುಳ ಮಾತ್ರ ಧಾರಾಳವಾಗಿ ಕೊಡುತ್ತಾಳೆ. ಭೀಮಶ್ಯಾ ಆಕೆಯ ಎದುರು ಕೂತು, ಕಾಲಿನ ಆಣಿಗೆ ಹಚ್ಚುವ ಮುಲಾಮಿನ ಬೋರ್ಡಿಗೆ ಬೇಕೆಂದು ಸುಳ್ಳು ಹೇಳಿ, ಹನ್ನೊಂದು ಸಂತೆಗಳಲ್ಲಿ ಆಕೆಯ ಮುಖ ನೋಡಿಕೊಂಡು ಬಂದರು.

ಮೂವತ್ತಾರು ಮುಗಿದ ಖುಷಿಗೆ ಗೆಳೆಯ ದಾವಲಮಲಿಕ, “ಒಂದಕ್ಕರೆ ಗಾಜು ಕಟ್ಟು ನಾ ಹಾಕ್ತೇನಿ, ತಾ,” ಎಂದ. ದಾವಲಮಲಿಕನದು ಹಿಪ್ಪರಗಿ ಸಂತೆಯಲ್ಲಿ ಕನ್ನಡಿ, ದೇವರ ಪಟ, ಫೋಟೋ ಕಟ್ಟುಗಳ ಅಂಗಡಿ. ಆ ಸಂತೆಗೆ ರೇವವ್ವ ಬಂದಿರಲಿಲ್ಲ; ಮನೆಯಲ್ಲಿ ಕುರಿ ಈಯುವುದಿತ್ತು. ಕಟ್ಟು ಹಾಕಿಸಿ, ಅಂಟು ಒಣಗಲೆಂದು ಮೊಳೆಗೆ ತೂಗುಹಾಕಿ ಗೆಳೆಯರಿಬ್ಬರೂ ಊಟಕ್ಕೆ ಹೋದರು. ಬರುವಷ್ಟರಲ್ಲಿ ಯಾರೋ ಆ ಗಾಜಿನ ಮೇಲೆ, ಸರಿಯಾಗಿ ಹಣೆಯ ಜಾಗಕ್ಕೆ, ಕುಂಕುಮದ ಬೊಟ್ಟು ಇಟ್ಟು ಚೆಂಡುಹೂವಿನ ಮಾಲೆ ಹಾಕಿದ್ದರು.

ಗೋಡೆಯ ಮೇಲೆ, ಗಾಜಿನ ಹಿಂದೆ, ಕುಂಕುಮ ಮಾಲೆಗಳ ಸಮೇತ ಇರುವ ಮನುಷ್ಯರು ನಮ್ಮ ಕಡೆ ಸತ್ತವರು. ಆ ವಿಷಯದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ರೇವವ್ವನ ತಂಗಿ ಇಂದ್ರಾಬಾಯಿ ಚಡಚಣದಿಂದ ಸಂತೆಗೆ ಬಂದವಳು ಮೊದಲು ಬೇವಿನ ಗಿಡದ ಕೆಳಗಿನ ಖಾಲಿ ಜಾಗ ನೋಡಿದಳು. ಆಮೇಲೆ ಮೊಳೆಯ ಮೇಲೆ ಅಕ್ಕನನ್ನು ನೋಡಿದಳು. ಅಲ್ಲಿಂದ ನಾಲ್ಕು ಹೆಂಗಸರನ್ನು ಕೂಡಿಸಿಕೊಂಡು ಎದೆ ಬಡಿದುಕೊಳ್ಳುತ್ತ ಅಕ್ಕನ ಮನೆಗೆ ಹೋದಳು.

ಮುಂದಿನದನ್ನು ರೇವವ್ವನೇ ಹೇಳಲಿ: “ಕುರಿ ಅರ್ಧಾ ಈದಿತ್ತು. ಮೊಳಕೈ ತನಕಾ ರಗತ. ಬಾಗಲಾಗ ತಂಗಿ, ‘ಯಕ್ಕಾ, ನನ್ನ ಬಿಟ್ಟ ಎಲ್ಲಿ ಹೋದೀ’ ಅಂತ ಅಳಾಕತ್ಯಾಳ. ನಾ ಅಂದೆ, ‘ಎಲ್ಲಿ ಹೋಗ್ಲೇ, ಇಲ್ಲೇ ಅದೇನಿ, ಬಂದು ಕುರಿ ಕಾಲ ಹಿಡಿ.’ ಆಕಿ ನನ್ನ ನೋಡಿದಾಕೀನ ಹೊಸ್ತಿಲಾಗ ಬಿದ್ದಳು. ಎರಡ ದಿನ ಜ್ವರ. ನನ್ನ ಗಂಡಗ ಹೊಲದಾಗ ಸುದ್ದಿ ಮುಟ್ಟಿ, ಮನೀಗೆ ಬರೂದರಾಗ ಅಂವಾ ಅರ್ಧಾ ಹೆಣ ಆಗಿದ್ದ. ನಾ ಸತ್ತದ್ದು ಊರಿಗೆಲ್ಲಾ ಗೊತ್ತು, ನನಗೊಬ್ಬಾಕಿಗೆ ಹೇಳಿಲ್ಲ.”

ಗಂಡ ಸೋಮನಿಂಗ ಇಂದಿಗೂ ನಡುನಡುವೆ ಹೊಲದಿಂದ ಬಂದು ಹೆಂಡತಿ ಇದ್ದಾಳೋ ಇಲ್ಲವೋ ಎಂದು ನೋಡಿ ಹೋಗುತ್ತಾನೆ. ರೇವವ್ವನಿಗೆ ಅದೇ ಹೆಚ್ಚಿನ ಸಿಟ್ಟು. “ಮುಂದಿನ ಸಂತಿಗೆ ನನ್ನ ಮಾರಿ ಕೆರದ ಒಗದಿರಬೇಕು,” ಎಂದು ಭೀಮಶ್ಯಾಗೆ ಹೇಳಿ ಕಳಿಸಿದಳು. ಯಾಕೆ ಬರೆದೆ ಎಂದು ಕೇಳಿದರೆ ಭೀಮಶ್ಯಾ ನಿಜ ಹೇಳುವಂತಿಲ್ಲ. ಹೇಳಿದರೆ ಚಿತ್ರ ಉಳಿಯಬಹುದು; ಆದರೆ ರೇವವ್ವ ಮೂವತ್ತಾರರೊಳಗೆ ಉಳಿಯುವುದಿಲ್ಲ. ಕುಂಕುಮದ ಅಪವಾದ ಅಂಗಡಿಯ ಒಡೆಯ ದಾವಲಮಲಿಕನ ಮೇಲೆ ಬಿತ್ತು. “ನಮ್ಮ ಮುಸಲ್ಮಾನರ ಮನ್ಯಾಗ ಕುಂಕುಮ ಎಲ್ಲಿಂದ ಬರಬೇಕ್ರಿ?” ಎಂದು ಆತ ಎಂಟು ದಿನ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡ. ಯಾರೂ ಕೇಳಲಿಲ್ಲ.

ಸಂತೆಯ ದಿನ. ಭೀಮಶ್ಯಾ ಕೆರೆಯದ ತಗಡನ್ನು ಕುಂಕುಮ ಒರೆಸದ ಅದೇ ಕಟ್ಟು ಗಾಜಿನೊಳಗೆ ಮತ್ತೆ ಕೂರಿಸಿ, ಕಂಬಳಿಯಲ್ಲಿ ಸುತ್ತಿ ತಂದಿದ್ದಾರೆ. ಪಕ್ಕದಲ್ಲಿ ದಾವಲಮಲಿಕ. ಅವರ ಪರವಾಗಿ ವಾದಿಸಲು, ಪೇಪರಿಗೆ ಬರೆಯುವವನಾದ ನಾನು. ಬೇವಿನ ಗಿಡದ ಕೆಳಗೆ ರೇವವ್ವನ ತೊಡೆಯ ಮೇಲೆ ಒಬ್ಬ ಕುರಿಗಾರನ ಕಾಲು ಇದೆ. ಆಕೆ ಚಿಮಟದ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ: “ಬಾರಿ ಹಣ್ಣಿನ ಗಿಡದ ಮುಳ್ಳು. ನಿನ್ನಿ ಸಂಜೀದು. ಹಳ್ಳದ ದಂಡ್ಯಾಗ ಯಾರ ಹೊಲಾ ಮೇಯಿಸಾಕ ಹೋಗಿದ್ದೆಲೇ?” ಕುರಿಗಾರ ಕೋಲು ಹಿಡಿದು ಎದ್ದು ಹೋಗುತ್ತಾನೆ.

ನಾನು ಗಂಟಲು ಸರಿಪಡಿಸಿಕೊಂಡು, ಇದು ಬಾಗೇವಾಡಿ ಕಡೆಯ ಯಾವನೋ ವೈರಿಯ ಕೆಲಸ, ಪತ್ತೆ ಹಚ್ಚಲು ನಾನು ಬಿಜಾಪುರದ ತನಕ ಶೋಧ ನಡೆಸಿದ್ದೇನೆ ಎಂದು ಶುರು ಮಾಡುತ್ತೇನೆ. ರೇವವ್ವ ನನ್ನ ಮುಖ ನೋಡುವುದಿಲ್ಲ. ಕಾಲು ನೋಡುತ್ತಾಳೆ.

“ಕುಂಟ್ತೀಯಲ್ಲೋ ತಮ್ಮಾ.”

“ಹಳೇ ಗಾಯ ಯವ್ವಾ. ಕಾಡಿನ್ಯಾಗ ಹುಲಿ ಬೆನ್ನ ಹತ್ತಿತ್ತು.”

“ಕುಂದ್ರು. ಕಾಲ ಇಡು.”

ಇಟ್ಟೆ. ಸೂಜಿ ಹಿಮ್ಮಡಿಯೊಳಗೆ ಇಳಿಯಿತು. ಹುಲಿಗೇ ಸಿಕ್ಕಿದ್ದರೂ ಅಷ್ಟು ನೋಯುತ್ತಿರಲಿಲ್ಲ.

“ಜಾಲಿ ಮುಳ್ಳು. ಕೀವ ಕಟ್ಟೇತಿ. ಎಂಟ ದಿನದ್ದು,” ಎಂದಳು ಆಕೆ, ತನಗೇ ಹೇಳಿಕೊಳ್ಳುವವಳಂತೆ. “ಹೋದ ಸಂತೀದು. ಈ ಸಂತ್ಯಾಗ ಜಾಲಿ ಬೇಲಿ ಒಂದ ಐತಿ, ದಾವಲಮಲಿಕನ ಅಂಗಡಿ ಹಿಂದ. ಮುಂದ ಇಷ್ಟಗಲ ರಸ್ತಾ ಬಿಟ್ಟ, ಬೇಲಿ ಹಾರಿ ಯಾಕ ಓಡಿದಿ?”

ನಾನು ಎಳೆದುಕೊಳ್ಳಲು ನೋಡಿದೆ. ಆಕೆ ಪಾದ ಬಿಡಲಿಲ್ಲ. “ಹೇಳು. ಮುಳ್ಳ ಇನ್ನೂ ಒಳಗ ಐತಿ.”

“ನಾನ ಹಚ್ಚಿದೆ ಯವ್ವಾ.”

ದಾವಲಮಲಿಕ ನನ್ನನ್ನು ನೋಡಿದ. 

ಹೇಳಲೇಬೇಕಾಯಿತು. ಹೋದ ಸಂತೆಯ ದಿನ ಚಹಾದಂಗಡಿಯಲ್ಲಿ ಹತ್ತು ಮಂದಿಯ ಮುಂದೆ, ಇವತ್ತು ಒಂದು ಭಾರಿ ಚಿತ್ರದ ಉದ್ಘಾಟನೆ ನನ್ನ ಕೈಯಿಂದ ಆಗುವುದಿದೆ ಎಂದು ಕೊಚ್ಚಿಕೊಂಡಿದ್ದೆ. ಉದ್ಘಾಟನೆ ತೋರಿಸಿ ಎಂದು, ಅದೇ ಸಂಜೆ ತಮ್ಮೂರಿಗೆ ಹೊರಟಿದ್ದ ಪರವೂರಿನ ಇಬ್ಬರು ಎದ್ದೇ ಬಿಟ್ಟರು. ಹೂ ಮಾರುವ ಅಬಿದಾಳ ಹತ್ತಿರ ಮಾಲೆ ಕೊಂಡೆ, ಪಕ್ಕದ ಅಂಗಡಿಯಲ್ಲಿ ಚಿಟಿಕೆ ಕುಂಕುಮ ಕೇಳಿ ಪಡೆದೆ. ಶುಭ ಕಾರ್ಯವೆಂದೇ ಹಚ್ಚಿದೆ. ಆಕೆ ಜೀವಂತ ಇದ್ದಾಳೆ ಎಂಬುದು ಆ ಗಳಿಗೆಗೆ ನನ್ನ ತಲೆಯಲ್ಲಿರಲಿಲ್ಲ. ನನ್ನ ಕೈ ಎಷ್ಟು ಚಂದ ಕಾಣುತ್ತಿದೆ ಎಂಬುದಷ್ಟೇ ಇತ್ತು. ಇಂದ್ರಾಬಾಯಿಯ ಅಳು ಕೇಳಿದ ಕೂಡಲೇ ಹಿಂದಿನ ಬೇಲಿ ಹಾರಿದೆ.

“ನಿನ್ನಿ ನನ್ನ ಅಂಗಡ್ಯಾಗ ಕುಂತು,” ಎಂದ ದಾವಲಮಲಿಕ, ಧ್ವನಿ ಏರಿಸದೆ, “‘ಯಾವ ಹರಾಮಖೋರ ಮಾಡ್ಯಾನೋ’ ಅಂತ ನೀವ ಅಂದ್ರಿ. ಎರಡ ಸಲ ಅಂದ್ರಿ.”

ಹೌದು. ಮೂರು ಸಲ ಅಂದಿದ್ದೆ.

ರೇವವ್ವ ಮುಳ್ಳು ಕಿತ್ತು ಎಕ್ಕೆಯ ಹಾಲು ಹಚ್ಚಿದಳು. ಉರಿ ನೆತ್ತಿಗೆ ಏರಿತು. “ಇಂವಾ ಚಡಚಣಕ್ಕ ಹೋಗಿ ನನ್ನ ತಂಗಿ ಮುಂದ ಇದನ್ನೆಲ್ಲಾ ಹೇಳಿ ಬರ್ಲಿ. ನಡಕೋತ ಅಲ್ಲ, ಬಸ್ಸಿಗೆ ಹೋಗ್ಲಿ, ಕಾಲ ಕೆಟ್ಟೈತಿ. ಬರೂ ಸಂತಿಗೆ ಇಲ್ಲೇ ನಿಂತು ದಾವಲಮಲಿಕಂದು ಏನೂ ತಪ್ಪಿಲ್ಲಂತ ಒದರಲಿ.” ಆಮೇಲೆ ಭೀಮಶ್ಯಾರ ಕಡೆ ತಿರುಗಿದಳು. “ನೀ ಕಂಬಳಿ ಬಿಚ್ಚು.”

ಬಿಚ್ಚಿದರು. ಆಕೆ ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಮೊದಲ ಸಲ ನೋಡುತ್ತಿದ್ದಳು. ಬೆರಳಿನಿಂದ ಕುಂಕುಮ ಮುಟ್ಟಿದಳು.

“ಬೊಟ್ಟ ಗಾಜಿನ ಮ್ಯಾಲ ಐತಿ. ನನ್ನ ಮಾರಿ ಮ್ಯಾಲ ಇಲ್ಲ. ಗಾಜ ತಗದ ಒಗಿ, ಕಟ್ಟ ಬಿಚ್ಚು. ಬರೇ ಪತ್ರಾ ಇರಲಿ. ಕೆರಿಬ್ಯಾಡ.” ಆಮೇಲೆ ಚಿತ್ರದ ಕಣ್ಣುಗಳಿಗೆ ಬೆರಳು ತೋರಿಸಿ ಕೇಳಿದಳು: “ಮುಲಾಮಿನ ಬೋರ್ಡಿಗೆ ಕಣ್ಣು ಇಷ್ಟ ಚಂದ ಯಾಕ ಬರದಿ?”

ಭೀಮಶ್ಯಾ ತಲೆ ತಗ್ಗಿಸಿ, “ಬಣ್ಣ ಉಳದಿತ್ತರಿ,” ಎಂದರು.

ಸಿಂದಗಿಯ ಬಸ್ಸಿನಲ್ಲಿ ಅವರು ತಗಡನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. ಊರು ಹತ್ತಿರ ಬಂದ ಮೇಲೆ ಹೇಳಿದರು: “ನೀವು ಇದನ್ನ ಪೇಪರಿನ್ಯಾಗ ಹಾಕ್ತೀರಿ. ಹಾಕಬ್ಯಾಡ್ರಿ ಅಂದ್ರ ಕೇಳೂ ಮನಷ್ಯಾ ನೀವಲ್ಲ. ಯಾರರೆ ಓದಿ ಆಕಿ ಮುಂದ ಹೇಳ್ತಾರ. ಆಕಿಗೆ ಗೊತ್ತಾತಂದ್ರ ನನ್ನವು ಮತ್ತ ಮೂವತ್ತೈದ. ಇನ್ನೊಂದ ಬರಿಯಾಕ ಕಣ್ಣಿಲ್ಲ. ಇಷ್ಟ ಸುಳ್ಳ ಹೇಳ್ತೀರಿ, ನನಗಂತ ಒಂದ ಹೇಳ್ರಿ.”

ಆದ್ದರಿಂದ ಇಲ್ಲಿ ಉಳಿದ ಸುಳ್ಳುಗಳನ್ನೆಲ್ಲ ಒಪ್ಪಿಕೊಳ್ಳುತ್ತೇನೆ. ಆ ಮೂವತ್ತಾರು ಮಂದಿಯಲ್ಲಿ ನಾನು ಕಣ್ಣಾರೆ ಕಂಡದ್ದು ಆಕೆಯೊಬ್ಬಳನ್ನೇ, ಆಕೆ ನನಗೆ ಚಹಾ ಕೊಡಲಿಲ್ಲ. ಐದೂವರೆಗೆ ನಾನೆಂದೂ ಎದ್ದವನಲ್ಲ. ಕಟ್ಟೆಯ ಮೇಲಿನ ಬೆಳಗನ್ನು ಬಾಳಮ್ಮ ಹೇಳಿದ್ದು ಕೇಳಿ ಬರೆದೆ. ಕುಂಕುಮ ಹಚ್ಚಿದ್ದು ನಾನೇ. ಎಂಟು ದಿನ ಇನ್ನೊಬ್ಬನ ಮೇಲೆ ಬಿಟ್ಟದ್ದೂ ನಾನೇ. ಚಡಚಣದ ತಂಗಿ ಚಡಚಣದವಳಲ್ಲ, ಆ ಸಂತೆ ಹಿಪ್ಪರಗಿಯದಲ್ಲ, ಮುಳ್ಳು ತೆಗೆದವಳ ಹೆಸರು ರೇವವ್ವ ಅಲ್ಲ. ಓದಿದವರು ಆಕೆಯನ್ನು ಗುರುತು ಹಿಡಿಯದಿರಲೆಂದು ಊರು, ಸಂತೆ, ಹೆಸರುಗಳ ಈ ಮೂರು ಸುಳ್ಳುಗಳನ್ನು ಭೀಮಶ್ಯಾ ಕೇಳಿದ್ದಕ್ಕೆ ಹೇಳಿದೆ. ನನ್ನ ಜೀವಮಾನದಲ್ಲಿ ಒಬ್ಬರು ನನ್ನಿಂದ ಕೇಳಿ ಪಡೆದ ಸುಳ್ಳುಗಳು ಇವೇ.